ಏಪ್ರಿಲ್‌ನಲ್ಲಿ ನೀರು ಹಾಕುವವರು ಯಾರು?

ಸರ್ಕಾರಿ ಶಾಲೆಗಳ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಾದ ತಾಯಿ-ತಂದೆಯರಿಗೆ ಒಂದು ಬಹಿರಂಗ ಪತ್ರ

ತಾಯಂದಿರೇ, ತಂದೆಯರೇ, ಮೊಮ್ಮಕ್ಕಳನ್ನು ಓದಿಸುತ್ತಿರುವ ಅಜ್ಜ ಅಜ್ಜಿಯರೇ,



ನಾನು ಬಯಲುಸೀಮೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ. ಮಕ್ಕಳ ಆರೋಗ್ಯದ ಬಗ್ಗೆ ಪತ್ರ ಬರೆಯುವವರು ಸಾಮಾನ್ಯವಾಗಿ ಇಲಾಖೆಗೋ ಮಂತ್ರಿಗಳಿಗೋ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ. ಸರ್ಕಾರ ಮಾಡಬಹುದಾದ ಕೆಲಸಗಳಲ್ಲಿ ಬಹಳಷ್ಟು, ತಡವಾಗಿಯಾದರೂ, ನಮ್ಮ ಶಾಲೆಗಳ ಬಾಗಿಲಿಗೆ ಬಂದು ನಿಂತಿವೆ. ಅಲ್ಲಿಂದ ಒಳಕ್ಕೆ, ಮಗುವಿನ ತಟ್ಟೆಯವರೆಗೆ, ಮಗುವಿನ ಮೈಯವರೆಗೆ ಅವು ತಲುಪಬೇಕಾದರೆ ಊರಿನ ದೊಡ್ಡವರ ಕೈ ಬೇಕು. ನಿಮ್ಮನ್ನು ಆರಿಸಿದ್ದೇ ಅದಕ್ಕೆ.

ಎಷ್ಟು ದೂರ ಬಂದಿದ್ದೇವೆ ಎಂಬುದನ್ನು ಮೊದಲು ನೆನೆಯೋಣ. ಶಾಲೆಯಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2001ರ ನವೆಂಬರ್‌ನಲ್ಲಿ. ಮರುವರ್ಷ ನಮ್ಮ ರಾಜ್ಯದ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಗಿ, ಆಮೇಲೆ ಉಳಿದ ಜಿಲ್ಲೆಗಳಿಗೂ ಬಂತು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ ಹಾಲು ಬಂತು. ಬಳಿಕ ಮೊಟ್ಟೆ ಬಂತು, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಚಿಕ್ಕಿ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ಅದು ವಾರದ ಆರೂ ದಿನಕ್ಕೆ ಹಬ್ಬಿತು. ರಾಗಿ ಮಾಲ್ಟ್ ಬಂದದ್ದೂ ಅದೇ ವರ್ಷ. ಆ ವರ್ಷದ ಬರದ ಬೇಸಿಗೆಯಲ್ಲಿ ಬರಪೀಡಿತ ತಾಲೂಕುಗಳ ಶಾಲೆಗಳಲ್ಲಿ ರಜೆಯಲ್ಲೂ ಒಲೆ ಉರಿಯಿತು. ನಮ್ಮ ಅಪ್ಪ ಅಮ್ಮಂದಿರು ಓದುವಾಗ ಇದರಲ್ಲಿ ಒಂದೂ ಇರಲಿಲ್ಲ.

ಆದರೂ ಮಕ್ಕಳ ಮೈ ಇನ್ನೂ ಸೊರಗಿಯೇ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ. ಹದಿನೈದರಿಂದ ಹತ್ತೊಂಬತ್ತರ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಅದೇ ಕಾಯಿಲೆ. ಆ ಸಮೀಕ್ಷೆಯ ಕಾಲಕ್ಕೆ ತಾಯಿಯ ಮಡಿಲಲ್ಲಿ, ಅಂಗನವಾಡಿಯ ಚಾಪೆಯ ಮೇಲೆ ಇದ್ದ ಕೂಸುಗಳು ಈಗ ನಮ್ಮ ತರಗತಿಗಳಲ್ಲಿ ಕೂತಿವೆ. ಎರಡನೇ ಪೀರಿಯಡ್‌ಗೇ ತಲೆ ಬೆಂಚಿನ ಮೇಲೆ ಇಡುವ ಮಗುವನ್ನು ಸೋಮಾರಿ ಎಂದು ಕರೆಯುವ ಮೊದಲು ಈ ಅಂಕಿಗಳನ್ನು ನೆನಪಿಸಿಕೊಳ್ಳಬೇಕು ಎಂದು ನನ್ನ ಜೊತೆಯ ಶಿಕ್ಷಕರಿಗೂ ಹೇಳುತ್ತಿರುತ್ತೇನೆ.

ಈಗ ತಟ್ಟೆಯ ಮಾತಿಗೆ ಬರುತ್ತೇನೆ. ಒಂದರಿಂದ ಐದನೇ ತರಗತಿಯ ಮಗುವಿನ ಊಟಕ್ಕೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎಂದು ನಿಗದಿಯಾಗಿದೆ. ಆರರಿಂದ ಎಂಟರವರೆಗಿನ ಮಕ್ಕಳಿಗೆ 150, 30 ಮತ್ತು 75 ಗ್ರಾಂ. ಅಕ್ಕಿ ಬೇಳೆ ಗೋದಾಮಿನಿಂದ ಬರುತ್ತವೆ, ಅಳತೆಯಲ್ಲಿ ಬರುತ್ತವೆ. ತರಕಾರಿ ಮಾತ್ರ ನಾವು ಕೊಳ್ಳಬೇಕು. ನಮ್ಮ ಕಡೆ ಸಂತೆ ವಾರಕ್ಕೊಮ್ಮೆ. ಸಂತೆಯ ಮರುದಿನದ ಸಾಂಬಾರಿನಲ್ಲಿ ಹುರುಳಿಕಾಯಿ, ಕ್ಯಾರೆಟ್ಟು, ಸೊಪ್ಪು ಎಲ್ಲ ಇರುತ್ತದೆ. ಮೂರನೇ ದಿನಕ್ಕೆ ಸೊಪ್ಪು ಬಾಡಿ ಕೊಳೆಯುತ್ತದೆ. ವಾರದ ಕೊನೆಗೆ ಆಲೂಗಡ್ಡೆ, ಈರುಳ್ಳಿ, ಇದ್ದರೆ ಒಂದಿಷ್ಟು ಟೊಮೆಟೊ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಅದೂ ಇಲ್ಲ. ಇದು ಅಡುಗೆಯ ಅಕ್ಕಂದಿರ ತಪ್ಪಲ್ಲ, ಮುಖ್ಯ ಶಿಕ್ಷಕರ ತಪ್ಪೂ ಅಲ್ಲ. ಫ್ರಿಜ್ಜಿಲ್ಲದ ಅಡುಗೆ ಕೋಣೆಯಲ್ಲಿ, ಸಣ್ಣ ಮೊತ್ತದಲ್ಲಿ, ಸಂತೆಯ ಲೆಕ್ಕದಲ್ಲಿ ಅಡುಗೆ ಮಾಡುವ ಯಾವ ಮನೆಯಲ್ಲೂ ಮೊದಲು ಬಿಟ್ಟುಹೋಗುವುದು ಸೊಪ್ಪೇ.

ಶಾಲೆಗೆ ಕೈತೋಟ ಬೇಕು ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ. ಕೋಸು, ಹೂಕೋಸು, ಬೀಟ್ರೂಟ್ ಬೆಳೆಯಲು ಹೊರಟ ಶಾಲಾ ತೋಟಗಳು ನೀರು, ಹುಳ, ಗೊಬ್ಬರದ ಹಿಂದೆ ಓಡಿ ಸುಸ್ತಾಗುವುದನ್ನು ನೋಡಿದ್ದೇನೆ. ಸಂತೆಯಿಂದ ತಂದರೆ ಉಳಿಯದ ಪದಾರ್ಥಗಳನ್ನು ಶಾಲೆಯಲ್ಲಿ ಬೆಳೆದರೆ ಸಾಕು. ಹರಿವೆ, ದಂಟು, ಮೆಂತ್ಯ, ಬಸಳೆ, ಹೊನಗೊನ್ನೆ. ಒಂದು ನುಗ್ಗೆ, ಒಂದು ಕರಿಬೇವು, ಒಂದು ನಿಂಬೆ, ಕೈತೊಳೆಯುವ ನೀರು ಹರಿದುಹೋಗುವ ಕಡೆ ನಾಲ್ಕು ಬಾಳೆ, ಎರಡು ಪಪ್ಪಾಯಿ. ಇಷ್ಟಕ್ಕೆ ಬಾವಿಯೂ ಬೇಡ, ಎಕರೆಯೂ ಬೇಡ. ಹರಿವೆ ಬಿತ್ತಿದ ಇಪ್ಪತ್ತೈದು ಮೂವತ್ತು ದಿನಕ್ಕೆ ಕೊಯ್ಲಿಗೆ ಬರುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ಸುಗುಣದಂಥ ತಳಿಯಾದರೆ ಕೊಯ್ದಷ್ಟೂ ಮತ್ತೆ ಚಿಗುರುತ್ತದೆ. ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯದ ಭಾಗ್ಯ ಎಂಬ ನುಗ್ಗೆ ನಮ್ಮ ಒಣ ಸೀಮೆಗೆಂದೇ ಮಾಡಿದಂತಿದೆ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿದರೆ ಬೀಜ, ಸಸಿ ಎಲ್ಲಿ ಸಿಗುತ್ತದೆಂದು ಹೇಳುತ್ತಾರೆ. ಎಂಬತ್ತು ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗೆ ದಿನಕ್ಕೆ ನಾಲ್ಕು ಕಿಲೋ ತರಕಾರಿ ಬೇಕು. ಅದೆಲ್ಲವನ್ನೂ ತೋಟ ಕೊಡಲಾರದು, ಕೊಡಬೇಕಾಗಿಯೂ ಇಲ್ಲ. ವಾರದಲ್ಲಿ ಎರಡು ದಿನ ಆಗ ತಾನೇ ಕೊಯ್ದ ಸೊಪ್ಪು ಸಾಂಬಾರಿಗೆ ಬಿದ್ದರೆ, ದಿನವೂ ಒಂದು ಹಿಡಿ ನುಗ್ಗೆಸೊಪ್ಪು ಬೇಳೆಯ ಜೊತೆ ಬೆಂದರೆ, ನಾನು ಅದನ್ನು ಗೆಲುವೆಂದೇ ಎಣಿಸುತ್ತೇನೆ.

ನಿಂಬೆ ಗಿಡದ ಬಗ್ಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು. ಸೊಪ್ಪು, ಬೇಳೆ, ರಾಗಿಯಲ್ಲಿರುವ ಕಬ್ಬಿಣವನ್ನು ನಮ್ಮ ಹೊಟ್ಟೆ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಜೊತೆಗೆ ಸಿ ಜೀವಸತ್ವ ಇದ್ದರೆ ಹೆಚ್ಚು ಹೀರಿಕೊಳ್ಳುತ್ತದೆ. ಅಂದರೆ ಊಟದ ಮೇಲೆ ಹಿಂಡುವ ಅರ್ಧ ಹೋಳು ನಿಂಬೆ, ಒಂದು ನೆಲ್ಲಿಕಾಯಿ, ಒಂದು ತುಂಡು ಸೀಬೆಹಣ್ಣು ದೊಡ್ಡ ಕೆಲಸ ಮಾಡುತ್ತವೆ. ಊಟದ ಜೊತೆಗೇ ಕುಡಿಯುವ ಟೀ ಅದಕ್ಕೆ ತದ್ವಿರುದ್ಧ. ನಮ್ಮ ಊರುಗಳಲ್ಲಿ ಬೆಳಗ್ಗೆ ಟೀ, ಬನ್ನು ತಿಂದು ಶಾಲೆಗೆ ಬರುವ ಮಕ್ಕಳು ಎಷ್ಟಿದ್ದಾರೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆ, ಸಣ್ಣವರಿಗೆ ಗುಲಾಬಿ ಬಣ್ಣದ್ದು, ದೊಡ್ಡವರಿಗೆ ನೀಲಿ, ಬರಿಹೊಟ್ಟೆಯಲ್ಲಿ ನುಂಗಿದರೆ ಕೆಲವರಿಗೆ ವಾಕರಿಕೆ ಬರುತ್ತದೆ. ಒಂದು ಮಗುವಿಗೆ ಹಾಗಾದರೆ ಊರಿನ ಅರ್ಧ ಮನೆಗಳಲ್ಲಿ ‘ಆ ಮಾತ್ರೆ ತಗೋಬೇಡ’ ಅನ್ನುತ್ತಾರೆ. ಊಟವಾದ ಮೇಲೆ ಕೊಟ್ಟರೆ ಈ ತೊಂದರೆ ಬಹಳ ಕಡಿಮೆ. ಈ ವಿಷಯ ನಾನು ಹೇಳಿದರೆ ಸರ್ಕಾರದ ಮಾತಾಗುತ್ತದೆ. ಪಕ್ಕದ ಮನೆಯ ನೀವು ಹೇಳಿದರೆ ನಂಬುತ್ತಾರೆ. ಫೆಬ್ರುವರಿ ಮತ್ತು ಆಗಸ್ಟ್ ತಿಂಗಳ ಹತ್ತನೇ ತಾರೀಕಿನ ಜಂತುಹುಳದ ಮಾತ್ರೆಯ ವಿಷಯದಲ್ಲೂ ಹಾಗೆಯೇ. ಕೊಕ್ಕೆಹುಳು ಬರಿಗಾಲಿನ ಮೂಲಕ ಮಣ್ಣಿನಿಂದಲೇ ಒಳಗೆ ಹೋಗುತ್ತದೆ, ಒಳಗೆ ಕೂತು ರಕ್ತ ಹೀರುತ್ತದೆ. ತೋಟಕ್ಕೆ ಇಳಿಯುವ ಮಗುವಿನ ಕಾಲಲ್ಲಿ ಚಪ್ಪಲಿ ಇರಲಿ, ಮೇಲೆ ಬಂದ ಕೂಡಲೇ ಸೋಪಿನಲ್ಲಿ ಕೈ ತೊಳೆಯಲಿ. ಮಕ್ಕಳ ಶೂ ಖರೀದಿ ನಿಮ್ಮ ಸಮಿತಿಯ ಮೂಲಕವೇ ಆಗುತ್ತದೆ. ಅಳತೆ ಸರಿಯಿಲ್ಲದ ಶೂ ಬಂದರೆ ಮಗು ಅದನ್ನು ಮನೆಯಲ್ಲಿಟ್ಟು ಬರಿಗಾಲಲ್ಲೇ ಬರುತ್ತದೆ, ಆದ್ದರಿಂದ ಅಳತೆ ತೆಗೆಯುವ ದಿನ ನೀವೂ ಬನ್ನಿ.

ಇನ್ನು ನನ್ನ ಪತ್ರದ ಮುಖ್ಯ ಪ್ರಶ್ನೆ. ಜೂನ್ ಐದರಂದು, ಪರಿಸರ ದಿನ, ರಾಜ್ಯದ ಬಹುಪಾಲು ಶಾಲೆಗಳಲ್ಲಿ ಸಸಿ ನೆಡುತ್ತೇವೆ. ಫೋಟೋ ತೆಗೆಯುತ್ತೇವೆ. ಮಳೆಗಾಲದಲ್ಲಿ ತೋಟ ತಾನೇ ತಾನಾಗಿ ನಗುತ್ತದೆ. ದಸರಾ ರಜೆಯ ಹೊತ್ತಿಗೆ ಮೇಕೆಗಳು ನುಗ್ಗುತ್ತವೆ. ಉಳಿದದ್ದು ಏಪ್ರಿಲ್ ಎರಡನೇ ವಾರ ಶಾಲೆಗೆ ಬೀಗ ಬಿದ್ದ ಮೇಲೆ ಒಣಗುತ್ತದೆ. ಮೇ ಕೊನೆಗೆ ಬಾಗಿಲು ತೆಗೆದರೆ ಕಡ್ಡಿಗಳು ನಿಂತಿರುತ್ತವೆ. ಮತ್ತೆ ಜೂನ್ ಐದು, ಮತ್ತೆ ಅದೇ ಗುಂಡಿಗೆ ಹೊಸ ಸಸಿ. ಶಿಕ್ಷಕರು ರಜೆಯಲ್ಲಿ ಬೇರೆ ಊರಿಗೆ ಹೋಗುತ್ತಾರೆ, ಇಲ್ಲವೇ ತರಬೇತಿ, ಸಮೀಕ್ಷೆ, ಚುನಾವಣೆ ಕೆಲಸದಲ್ಲಿರುತ್ತಾರೆ. ತೋಟದ ಹುಚ್ಚಿರುವ ಒಬ್ಬ ಮೇಷ್ಟ್ರು ವರ್ಗವಾಗಿ ಹೋದರೆ ಅವರ ಜೊತೆಗೆ ತೋಟವೂ ಹೋಗುತ್ತದೆ. ಊರಲ್ಲಿ ಉಳಿಯುವವರು ನೀವು. ನಿಮ್ಮ ಹಿರಿಯ ಮಗು ಒಂದನೇ ತರಗತಿಗೆ ಸೇರಿದಂದಿನಿಂದ ಕಿರಿಯದು ಏಳನೇ ತರಗತಿ ಮುಗಿಸುವವರೆಗೆ ಹತ್ತು ವರ್ಷವಾದರೂ ಈ ಶಾಲೆಯ ನಂಟು ನಿಮಗಿರುತ್ತದೆ. ಹಾಗಾಗಿ ನನ್ನ ಪ್ರಶ್ನೆ: ಏಪ್ರಿಲ್‌ನಲ್ಲಿ ನೀರು ಹಾಕುವವರು ಯಾರು? ಇದಕ್ಕೆ ಒಂದು ಹೆಸರು ಸಿಗದ ಶಾಲೆಯಲ್ಲಿ ತೋಟ ಶುರು ಮಾಡುವುದೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಹೆಸರು ಸಿಕ್ಕರೆ ಉಳಿದದ್ದು ಕಷ್ಟವಿಲ್ಲ. ಸೊಪ್ಪಿನ ಮಡಿಗಳನ್ನು ಮಾರ್ಚ್‌ಗೆ ಮುಗಿಸಿ, ನುಗ್ಗೆ, ನಿಂಬೆ, ಕರಿಬೇವು, ಪಪ್ಪಾಯಿಗಳ ಬುಡಕ್ಕೆ ಕಡಲೆಕಾಯಿ ಸಿಪ್ಪೆಯನ್ನೋ ರಾಗಿ ಹುಲ್ಲನ್ನೋ ದಪ್ಪಗೆ ಹೊದಿಸಿ, ಬುಡದಲ್ಲಿ ಸಣ್ಣ ತೂತಿನ ಮಡಕೆ ಹೂತಿಟ್ಟರೆ ವಾರಕ್ಕೆ ಎರಡು ಸಲ ಮಡಕೆ ತುಂಬಿದರೂ ಗಿಡ ಬದುಕುತ್ತದೆ. ಶಾಲೆಯ ಪಕ್ಕದ ನಾಲ್ಕು ಮನೆಯವರು ಸರದಿ ಹಾಕಿಕೊಂಡರೆ ಒಬ್ಬೊಬ್ಬರಿಗೆ ಎರಡು ವಾರವೂ ಬರುವುದಿಲ್ಲ.

ದಕ್ಷಿಣ ಕನ್ನಡದ ಹಲವು ಸರ್ಕಾರಿ ಶಾಲೆಗಳ ಜಾಗದಲ್ಲಿ ಅಡಿಕೆ ತೋಟಗಳಿವೆ. ಪೋಷಕರೇ ಶ್ರಮದಾನದಲ್ಲಿ ಗುಂಡಿ ತೋಡಿ, ಸಸಿ ನೆಟ್ಟು, ನೀರು ಹಾಯಿಸಿ, ಬಂದ ಆದಾಯವನ್ನು ಶಾಲೆಗೇ ಬಳಸುತ್ತಾರೆ. ಅಲ್ಲಿನ ಮಳೆ ನಮಗಿಲ್ಲ, ಅಲ್ಲಿನ ಅಡಿಕೆ ನಮ್ಮ ನೆಲಕ್ಕೆ ಬರುವುದೂ ಬೇಡ. ಆದರೆ ಶಾಲೆಯ ಜಾಗವನ್ನು ತಮ್ಮದೆಂದು ತಿಳಿದು ಭಾನುವಾರ ಗುದ್ದಲಿ ಹಿಡಿದು ಬರುವ ಆ ರೂಢಿ ನಮಗೂ ಬೇಕು.

ಗುದ್ದಲಿ ಎಂದ ಕೂಡಲೇ ಒಬ್ಬ ತಾಯಿ ಪೋಷಕರ ಸಭೆಯಲ್ಲಿ ಎದ್ದು ನಿಂತು ಹೇಳಿದ ಮಾತು ನೆನಪಾಗುತ್ತದೆ. “ಬೆಳಗಿಂದ ಸಂಜೆಗಂಟ ನಾವು ಮಣ್ಣಲ್ಲೇ ಇರ್ತೀವಿ ಮೇಡಂ. ನಮ್ ಮಗೂನೂ ಗುದ್ಲಿ ಹಿಡೀಲಿ ಅಂತ ಸ್ಕೂಲಿಗೆ ಕಳ್ಸಿಲ್ಲ.” ಅವರು ಕೂಲಿಗೆ ಹೋಗುವವರು. ಆ ಮಾತಿನಲ್ಲಿ ನ್ಯಾಯವಿದೆ. ತಲೆತಲಾಂತರದಿಂದ ಇನ್ನೊಬ್ಬರ ಹೊಲದಲ್ಲಿ ದುಡಿದವರಿಗೆ ಮಗುವಿನ ಕೈಗೆ ಮಣ್ಣು ಮೆತ್ತಿದ್ದನ್ನು ನೋಡಿದರೆ ಸಂಕಟವಾಗುವುದು ಸಹಜ. ಪಟ್ಟಣದವರು ಮಣ್ಣಿನ ಸೊಗಸನ್ನು ಹೊಗಳುವಷ್ಟು ಸುಲಭವಾಗಿ ಅವರು ಹೊಗಳಲಾರರು. ಆದ್ದರಿಂದ ತೋಟಕ್ಕೆ ಕೆಲವು ಕಟ್ಟುಪಾಡು ಇರಲೇಬೇಕು. ಅಗೆಯುವುದು, ಗೊಬ್ಬರ ಹೊರುವುದು, ಬೇಲಿ ಕಟ್ಟುವುದು ದೊಡ್ಡವರ ಕೆಲಸ. ವರ್ಷಕ್ಕೆ ಎರಡು ಶ್ರಮದಾನದ ದಿನ ಸಾಕು. ಬೀಜ ಹಾಕುವುದು, ಮೊಳಕೆ ಎಣಿಸುವುದು, ಕಳೆ ಕೀಳುವುದು, ಕೊಯ್ದು ತೂಗಿ ಪುಸ್ತಕದಲ್ಲಿ ಬರೆಯುವುದು ಮಕ್ಕಳದು. ಅದೂ ವಾರಕ್ಕೆ ಒಂದು ಪೀರಿಯಡ್, ಎಲ್ಲ ತರಗತಿಗೂ ಸರದಿ. ತಡವಾಗಿ ಬಂದ ಮಗುವಿಗೆ ಶಿಕ್ಷೆಯಾಗಿ ತೋಟದ ಕೆಲಸ ಕೊಟ್ಟರೆ ಅದು ಮಹಾಪರಾಧ. ಹುಡುಗಿಯರಿಗೆ ಗುಡಿಸುವುದು, ಹುಡುಗರಿಗೆ ನೀರಿನ ಪೈಪು ಎಂದು ಹಂಚಿದರೂ ಅಷ್ಟೇ. ಯಾರ ಮಗು ಯಾವ ಕೆಲಸ ಮಾಡುತ್ತದೆ ಎಂಬುದು ಜಾತಿಯ ಮೇಲೆ ನಿಂತರೆ ಆ ತೋಟವನ್ನು ಅಂದೇ ಮುಚ್ಚಬೇಕು. ಇದನ್ನು ನೋಡಿಕೊಳ್ಳುವ ಹಕ್ಕು ನಿಮಗಿದೆ, ಬಂದು ನೋಡಿ, ತಪ್ಪಿದ್ದರೆ ನಮ್ಮನ್ನು ಕೇಳಿ. ಕೀಟನಾಶಕದ ಡಬ್ಬಿಯಂತೂ ಶಾಲೆಯ ಗೇಟಿನ ಒಳಗೆ ಬರಲೇಕೂಡದು. ಹುಳ ಬಿದ್ದರೆ ಬೇವಿನ ಕಷಾಯ ಸಿಂಪಡಿಸೋಣ, ಅದಕ್ಕೂ ಬಗ್ಗದಿದ್ದರೆ ಆ ಮಡಿ ಹುಳಕ್ಕೇ ಹೋಗಲಿ.

ತೋಟದಿಂದ ನಾನು ಕಂಡ ಇನ್ನೊಂದು ಪ್ರಯೋಜನವಿದೆ. ಪ್ರತಿ ತರಗತಿಯಲ್ಲೂ ಬಾಯಿ ಬಿಡದ ಮಗು ಒಂದಿರುತ್ತದೆ. ಗುಳೆ ಹೋಗಿ ನಡುವರ್ಷದಲ್ಲಿ ಬಂದು ಸೇರಿದ ಮಗು, ಮನೆಯಲ್ಲಿ ಕುಡಿತದ ಜಗಳ ಕಂಡ ಮಗು, ಓದಿನಲ್ಲಿ ಹಿಂದೆ ಬಿದ್ದು ಎಲ್ಲರೆದುರು ಕುಗ್ಗಿದ ಮಗು. ಕರಿಹಲಗೆಯ ಮುಂದೆ ಗೆಲ್ಲಲಾರದ ಇಂಥ ಮಗು ಅನೇಕ ಸಲ ಬಸಳೆ ಬಳ್ಳಿಗೆ ಚಪ್ಪರ ಕಟ್ಟುವಾಗ ಮಾತಾಡಲು ಶುರು ಮಾಡುತ್ತದೆ. ತಾನು ಬಿತ್ತಿದ ದಂಟಿನ ಸೊಪ್ಪು ಎಂಬತ್ತು ಮಂದಿಯ ತಟ್ಟೆಗೆ ಬಿದ್ದದ್ದು ಅದಕ್ಕೆ ಗೊತ್ತಿರುತ್ತದೆ. ಸೊಪ್ಪನ್ನು ತಟ್ಟೆಯಂಚಿಗೆ ಸರಿಸುವ ಮಕ್ಕಳೂ ತಾವೇ ಬೆಳೆದದ್ದನ್ನು ತಿನ್ನುತ್ತಾರೆ. ಮನೆಗೆ ಬಂದು ‘ಅಮ್ಮ, ನಿಂಬೆಹಣ್ಣು ಹಿಂಡು’ ಎಂದು ಕೇಳುತ್ತಾರೆ.

ಆಟದ ವಿಷಯದಲ್ಲಿ ನಿಮ್ಮೊಂದಿಗೆ ಸ್ವಲ್ಪ ಜಗಳವೇ ಆಡಬೇಕಾಗಿದೆ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಹಿಂದೆ ಹಳ್ಳಿಯ ಮಕ್ಕಳಿಗೆ ಇದನ್ನು ಹೇಳುವ ಅಗತ್ಯವೇ ಇರಲಿಲ್ಲ, ನಡೆದು ಬರುತ್ತಿದ್ದರು, ಸಂಜೆ ಕತ್ತಲಾಗುವವರೆಗೆ ಬೀದಿಯಲ್ಲಿರುತ್ತಿದ್ದರು. 2006-07ರಲ್ಲಿ ಶುರುವಾದ ಎಂಟನೇ ತರಗತಿಯ ಸೈಕಲ್ ಯೋಜನೆ ಕೋವಿಡ್ ಕಾಲದಲ್ಲಿ ನಿಂತಿತು. ಅದೇ ಕಾಲದಲ್ಲಿ ಪಾಠಕ್ಕೆಂದು ಮನೆಗೆ ಬಂದ ಮೊಬೈಲು ಪಾಠ ಮುಗಿದ ಮೇಲೂ ಮಕ್ಕಳ ಕೈಯಲ್ಲೇ ಉಳಿಯಿತು. ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಪಿಟಿ ಮೇಷ್ಟ್ರು ಇರುವುದೇ ಅಪರೂಪ. ಇರುವ ಶಾಲೆಗಳಲ್ಲೂ ಜನವರಿ ಬಂದರೆ ಆಟದ ಪೀರಿಯಡ್ಡನ್ನು ಗಣಿತ ನುಂಗುತ್ತದೆ. ಹಾಗೆ ನುಂಗಲಿ ಎಂದು ಒತ್ತಾಯಿಸುವವರಲ್ಲಿ ಪೋಷಕರೂ ಇದ್ದಾರೆ. ‘ಆಟ ಆಡಿಸಿದ್ದು ಸಾಕು, ಓದ್ಸಿ’ ಎನ್ನುತ್ತಾರೆ. ಚೆನ್ನಾಗಿ ಓಡಾಡಿ ಬಂದ ಮಗು ಪಾಠದ ಮೇಲೆ ಹೆಚ್ಚು ಹೊತ್ತು ಗಮನವಿಡುತ್ತದೆ ಎಂಬುದನ್ನು ನಾನು ದಿನವೂ ತರಗತಿಯಲ್ಲಿ ಕಾಣುತ್ತೇನೆ. ಕಣ್ಣಿಗೂ ಆಟ ಬೇಕು. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿನಲ್ಲಿ ಕಳೆಯುವಂತೆ ಮಾಡಿ ಮೂರು ವರ್ಷ ನೋಡಿದರು. ಹಾಗೆ ಹೊರಗೆ ಕಳೆದವರಲ್ಲಿ ಸಮೀಪದೃಷ್ಟಿ ಬಂದದ್ದು ನೂರಕ್ಕೆ ಸುಮಾರು 30 ಮಂದಿಗೆ, ಉಳಿದ ಶಾಲೆಗಳಲ್ಲಿ ಸುಮಾರು 40 ಮಂದಿಗೆ. 2015ರಲ್ಲಿ ಪ್ರಕಟವಾದ ಅಧ್ಯಯನ ಇದು. ನಮಗೆ ಬಿಸಿಲು, ಬಯಲು ಎರಡೂ ಪುಕ್ಕಟೆಯಾಗಿ ಇವೆ.

ಬಯಲು ಇದೆಯೇ? ಇದ್ದರೂ ಆಡುವ ಹಾಗಿದೆಯೇ? ಸೋಮವಾರ ಬೆಳಗ್ಗೆ ಅನೇಕ ಶಾಲೆಗಳಲ್ಲಿ ಪ್ರಾರ್ಥನೆಗೆ ಮೊದಲು ಶಿಕ್ಷಕರು ಮಾಡುವ ಕೆಲಸ ಒಡೆದ ಬಾಟಲಿಯ ಚೂರು ಆರಿಸುವುದು. ರಾತ್ರಿ ಶಾಲೆಯ ಜಗಲಿಯಲ್ಲಿ ಕೂತು ಕುಡಿಯುವವರು ಬೇರೆ ಊರಿನಿಂದ ಬಂದವರಲ್ಲ. ಅವರ ಹೆಸರು ನಿಮಗೆ ಗೊತ್ತು, ಕೆಲವರ ಮಕ್ಕಳು ಅದೇ ಶಾಲೆಯಲ್ಲಿ ಓದುತ್ತಾರೆ. ಶಿಕ್ಷಕರು ದೂರು ಕೊಟ್ಟರೆ ನಾಳೆ ಗೋಡೆಯ ಮೇಲೆ ಬೈಗುಳ ಬರೆದಿರುತ್ತದೆ. ಊರಿನ ನಾಲ್ಕು ಹಿರಿಯರು ಹೋಗಿ ‘ಇಲ್ಲಿ ಬೇಡಪ್ಪ, ಮಕ್ಕಳು ಓಡಾಡೋ ಜಾಗ’ ಎಂದರೆ ನಿಲ್ಲುತ್ತದೆ, ನಿಂತದ್ದನ್ನು ನೋಡಿದ್ದೇನೆ. ಮೈದಾನದಲ್ಲಿ ಪಂಚಾಯಿತಿಯ ಪೈಪು, ಯಾರದೋ ಮನೆಗೆ ಇಳಿಸಿದ ಜಲ್ಲಿ, ಮದುವೆ ಚಪ್ಪರದ ಗೂಟದ ಗುಂಡಿ, ಇವೆಲ್ಲವೂ ನಿಮ್ಮ ಮಾತಿಗೇ ಬಗ್ಗುವಂಥವು. ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆಂದು ಹೇಳುತ್ತದೆ. ಕಾಯ್ದೆಗೆ ಜಲ್ಲಿ ಎತ್ತಿಸುವ ಕೈ ಇಲ್ಲ. ಮಕ್ಕಳ ಗ್ರಾಮಸಭೆಯಲ್ಲಿ ಐದನೇ ತರಗತಿಯ ಹುಡುಗಿ ಎದ್ದು ನಿಂತು ಮೈದಾನ ಕೇಳಿದಾಗ ಅವಳ ಹಿಂದೆ ನೀವು ನಿಂತಿರಬೇಕು.

ಇದ್ದ ಮೈದಾನವೂ ಎಲ್ಲರದ್ದಾಗಿಲ್ಲ. ಒಂದು ಬ್ಯಾಟು, ಒಂದು ಚೆಂಡು, ಏಳನೇ ತರಗತಿಯ ಹತ್ತು ಹುಡುಗರು, ಇಷ್ಟಕ್ಕೇ ಇಡೀ ಬಯಲು ತುಂಬಿಹೋಗುತ್ತದೆ. ಹುಡುಗಿಯರು ಮೆಟ್ಟಿಲ ಮೇಲೆ ಸಾಲಾಗಿ ಕೂತು ನೋಡುತ್ತಾರೆ. ಆರನೇ ತರಗತಿಗೆ ಬಂದ ಮೇಲಂತೂ ಓಡುವುದನ್ನೇ ನಿಲ್ಲಿಸುತ್ತಾರೆ. ದೊಡ್ಡವಳಾದೆ, ಕುಣೀಬೇಡ ಎಂದು ಮನೆಯಲ್ಲಿ ಹೇಳಿರುತ್ತಾರೆ. ರಕ್ತಹೀನತೆ ಹೆಚ್ಚುವ ವಯಸ್ಸೂ, ಮೂಳೆ ಗಟ್ಟಿಯಾಗುವ ವಯಸ್ಸೂ ಅದೇ. ತಾಯಂದಿರೇ, ಈ ಒಂದು ವಿಷಯವನ್ನು ಗಂಡಸರಿಗೆ ಬಿಡಬೇಡಿ. ಮಗಳು ಖೊಖೊ ಆಡಲಿ. ಮುಟ್ಟಿನ ದಿನಗಳಲ್ಲೂ ಅವಳಿಗೆ ಆಗುವುದಾದರೆ ಆಡಲಿ. ಅದಕ್ಕೆ ಬೇಕಾದ ಶೌಚಾಲಯದ ಚಿಲಕ, ನೀರು, ಪ್ಯಾಡು ಇವೆಯೇ ಎಂದು ಸಭೆಯಲ್ಲಿ ಬಾಯಿಬಿಟ್ಟು ಕೇಳಿ. ಲಗೋರಿ, ಕುಂಟೆಬಿಲ್ಲೆ, ಹಗ್ಗದಾಟ, ಕಬಡ್ಡಿ, ಮರಕೋತಿ, ಈ ಆಟಗಳಲ್ಲಿ ಮೂವತ್ತು ಮಕ್ಕಳೂ ಒಟ್ಟಿಗೆ ಬೆವರುತ್ತಾರೆ, ಖರ್ಚೂ ಇಲ್ಲ. ಇವನ್ನು ಕಲಿಸಲು ನಿಮಗಿಂತ ಒಳ್ಳೆಯ ಗುರುಗಳಿಲ್ಲ. ಜಾತ್ರೆಯ ವಾಲಿಬಾಲ್ ಪಂದ್ಯದಲ್ಲಿ ಆಡಿದ ಅಪ್ಪ, ತವರಲ್ಲಿ ಖೊಖೊ ಆಡಿ ಕಪ್ ಗೆದ್ದ ಅಮ್ಮ ಪ್ರತಿ ಊರಲ್ಲೂ ಇದ್ದಾರೆ. ಬ್ಯಾಗಿಲ್ಲದೆ ಮಕ್ಕಳು ಬರುವ ಸಂಭ್ರಮ ಶನಿವಾರ ಒಂದು ಗಂಟೆ ಬನ್ನಿ. ಕಾಲು ಸ್ವಾಧೀನವಿಲ್ಲದ ಮಗುವನ್ನು ಸ್ಕೋರು ಬರೆಯಲು ಕೂರಿಸಿ ಕೈತೊಳೆದುಕೊಳ್ಳದಿರಿ, ಎಸೆಯುವ, ಗುರಿಯಿಡುವ ಆಟಗಳಲ್ಲಿ ಅದೂ ಆಡಬಲ್ಲದು.

ಅಡುಗೆಯ ರುಚಿ ನೋಡುವ ವಿಷಯ ಚಿಕ್ಕದೆಂದು ನಿಮಗೆ ಅನ್ನಿಸಬಹುದು. 2013ರ ಜುಲೈ 16ರಂದು ಬಿಹಾರದ ಛಪ್ರಾ ಬಳಿಯ ಹಳ್ಳಿ ಶಾಲೆಯಲ್ಲಿ ಬಿಸಿಯೂಟ ಮಾಡಿ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸೇರಿತ್ತು. ಬಡಿಸುವ ಮುನ್ನ ಒಬ್ಬ ಶಿಕ್ಷಕರೂ ಸೇರಿದಂತೆ ದೊಡ್ಡವರು ತಿಂದು ನೋಡಬೇಕೆಂಬ ನಿಯಮ ಇರುವುದು ಇಂಥದ್ದನ್ನು ತಡೆಯಲೆಂದೇ. ನಮ್ಮ ಅನೇಕ ಶಾಲೆಗಳಲ್ಲಿ ರುಚಿ ಪುಸ್ತಕಕ್ಕೆ ಸಹಿ ಮಾತ್ರ ಬೀಳುತ್ತದೆ, ವಾರದ ಸಹಿ ಒಂದೇ ದಿನ. ದಿನಕ್ಕೊಬ್ಬ ತಾಯಿ ಬಂದು, ಮಕ್ಕಳ ಸಾಲಿನಲ್ಲೇ ನೆಲದ ಮೇಲೆ ಕೂತು, ಒಂದು ತಟ್ಟೆ ಊಟ ಮಾಡಿಹೋದರೆ ಬೇಳೆ ತೆಳ್ಳಗಾಗಿದೆಯೇ, ಮೊಟ್ಟೆ ಎಣಿಕೆ ಸರಿಯಿದೆಯೇ, ಯಾವ ಮಗು ತಿನ್ನದೆ ಎದ್ದುಹೋಗುತ್ತಿದೆ, ಎಲ್ಲವೂ ಗೊತ್ತಾಗುತ್ತದೆ. ಇನ್ನೊಂದು ಕಾರಣಕ್ಕೂ ನೀವು ಕೂತು ಉಣ್ಣಬೇಕು. ಅಡುಗೆ ಮಾಡುವ ಅಕ್ಕನ ಜಾತಿ ಕೇಳಿ ಮಕ್ಕಳಿಗೆ ಊಟ ಬಿಡಿಸಿದ ಊರುಗಳು ನಮ್ಮ ರಾಜ್ಯದಲ್ಲಿವೆ. ಪೋಷಕರ ಒಗ್ಗಟ್ಟು ಮಕ್ಕಳನ್ನು ಉಪವಾಸ ಕೆಡವಲೂ ಬಳಕೆಯಾಗಬಲ್ಲದು. ಅಂಥ ಮಾತು ಊರಲ್ಲಿ ಹುಟ್ಟಿದ ದಿನವೇ ಸಮಿತಿಯ ಸದಸ್ಯರೆಲ್ಲ ಆ ಅಕ್ಕನ ಕೈಯಿಂದ ಬಡಿಸಿಕೊಂಡು, ಮಕ್ಕಳ ಕಣ್ಣೆದುರೇ ಊಟ ಮಾಡಿದರೆ ಮಾತು ಅಲ್ಲೇ ಸಾಯುತ್ತದೆ.

ಶಾಲೆಯ ಎದುರಿನ ಅಂಗಡಿಯ ಐದು ರೂಪಾಯಿ ಪ್ಯಾಕೆಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸುಗಳನ್ನು ಶಾಲೆಯೊಳಗೂ ಗೇಟಿನಿಂದ 50 ಮೀಟರಿನೊಳಗೂ ಮಾರಬಾರದೆಂದು 2020ರ ಆಹಾರ ಸುರಕ್ಷತೆ ನಿಯಮ ಹೇಳುತ್ತದೆ. ಅಂಗಡಿಯವರ ಜೊತೆ ಜಗಳ ಬೇಡ, ಅವರೂ ಬದುಕಬೇಕು. ಚಿಕ್ಕಿ, ಹುರಿಗಡಲೆ, ಬಾಳೆಹಣ್ಣು ಇಡಲು ಹೇಳಿ. ಅದಕ್ಕಿಂತ ಮೊದಲು, ಬೆಳಗ್ಗೆ ಶಾಲೆಗೆ ಹೊರಟ ಮಗುವಿನ ಕೈಗೆ ತಿಂಡಿಯ ಬದಲು ಐದು ರೂಪಾಯಿ ಇಡುವುದನ್ನು ಬಿಡೋಣ.

ನಿಮ್ಮ ಸಮಿತಿ ಹುಟ್ಟಿದ್ದು 2001ರಲ್ಲಿ, ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯ ಮೇಲೆ. ಶಿಕ್ಷಣ ಹಕ್ಕು ಕಾಯ್ದೆ ಅದರಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಹೆಂಗಸರು ಇರಬೇಕೆಂದು ಹೇಳಿತು. ಆ ಅರ್ಧ ಹೆಂಗಸರು ಎಲ್ಲಿ? ಪಟ್ಟಿಯಲ್ಲಿದ್ದಾರೆ. ಸಭೆಗೆ ಬರುವವರು ಅವರ ಗಂಡಂದಿರು, ಮೈದುನರು. ಬೆಳಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಕಳೆ ಕೀಳಲು ಹೋದ ತಾಯಿ ದಿನಗೂಲಿ ಬಿಟ್ಟು ಬರುವುದಾದರೂ ಹೇಗೆ? ಸಭೆ ಸಂಜೆ ಇರಲಿ, ಅಥವಾ ಎತ್ತಿಗೆ ನೊಗ ಹೂಡದ ಸೋಮವಾರ, ಅಮಾವಾಸ್ಯೆಯಂದು ಇರಲಿ. ಅವತ್ತು ಮುಖ್ಯ ಶಿಕ್ಷಕರು ಕಾಯಬೇಕು, ನಾವು ಶಿಕ್ಷಕರು ಕಾಯುತ್ತೇವೆ. ಮಗುವಿನ ಊಟ, ಹೊಟ್ಟೆ, ಜ್ವರ, ಮುಟ್ಟು, ನಿದ್ದೆ ಇವೆಲ್ಲ ಗೊತ್ತಿರುವವರು ಇಲ್ಲದ ಸಭೆಯಲ್ಲಿ ಸುಣ್ಣ ಬಣ್ಣದ ಲೆಕ್ಕ ಮಾತ್ರ ಆಗುತ್ತದೆ.

ಮುಂದಿನ ಸಭೆಯಲ್ಲಿ ನಡಾವಳಿ ಪುಸ್ತಕ ತೆರೆದಾಗ ಮೂರು ಸಾಲು ಬರೆಸಿ: ಬೇಸಿಗೆ ರಜೆಯಲ್ಲಿ ತೋಟದ ಗೇಟಿನ ಕೀಲಿ ಯಾರ ಮನೆಯಲ್ಲಿರುತ್ತದೆ, ವಾರದ ಯಾವ ದಿನ ಯಾವ ತಾಯಿ ಊಟಕ್ಕೆ ಬರುತ್ತಾರೆ, ಶನಿವಾರ ಆಟಕ್ಕೆ ಯಾರು ನಿಲ್ಲುತ್ತಾರೆ. ಅದನ್ನೇ ದೊಡ್ಡ ಅಕ್ಷರದಲ್ಲಿ ಅಡುಗೆ ಕೋಣೆಯ ಗೋಡೆಗೆ ಅಂಟಿಸಲು ನಮಗೆ ಹೇಳಿ. ತಾಯಂದಿರೇ, ಹೆಸರು ಕೊಡುವಾಗ ಯಜಮಾನರ ಹೆಸರು ಬೇಡ, ನಿಮ್ಮ ಹೆಸರನ್ನೇ ಕೊಡಿ.

ಇತಿ ನಿಮ್ಮ ಮಕ್ಕಳ
ಟೀಚರ್